ಮಾರ್ಚ್ ತಿಂಗಳ ದೀಪಕ್ಕೆ ಜುಲೈ ತಿಂಗಳ ಮಳೆ

ಮಳೆಗಾಲ ಬಂತೆಂದರೆ ನಮ್ಮ ದಿನಪತ್ರಿಕೆಗಳ ಒಳಪುಟದಲ್ಲಿ ಒಂದು ಸಣ್ಣ ಚೌಕಟ್ಟು ಕಾಣಿಸಿಕೊಳ್ಳುತ್ತದೆ. ‘ಜಲಾಶಯಗಳ ನೀರಿನ ಮಟ್ಟ’ ಎಂಬುದು ಅದರ ತಲೆಬರಹ. ಕೃಷ್ಣರಾಜಸಾಗರ, ತುಂಗಭದ್ರಾ, ಭದ್ರಾ, ಲಿಂಗನಮಕ್ಕಿ... ಒಂದೊಂದರ ಮುಂದೆಯೂ ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ರೈತರು ಇದನ್ನು ತಪ್ಪದೆ ಓದುತ್ತಾರೆ. ವಿದ್ಯಾರ್ಥಿಗಳೂ ಅವರ ತಂದೆತಾಯಂದಿರೂ ಓದುವುದು ಕಡಿಮೆ. ಆದರೆ ಮಾರ್ಚ್ ತಿಂಗಳಲ್ಲಿ ಪರೀಕ್ಷೆಗೆ ಓದುವ ಮಗುವಿನ ಮೇಜಿನ ಮೇಲೆ ದೀಪ ಉರಿಯುವುದೋ ಇಲ್ಲವೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಚೌಕಟ್ಟಿನಲ್ಲೇ ಇರುತ್ತದೆ.

ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸಾರ್, ಡ್ಯಾಮಿನಲ್ಲಿ ಇನ್ನೂ ನೀರಿದೆ ಅಂತ ಪೇಪರಿನಲ್ಲಿ ಬಂದಿದೆ. ಆದರೂ ಕರೆಂಟ್ ಯಾಕೆ ತೆಗೀತಾರೆ?” ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಕರ್ನಾಟಕ ವಿದ್ಯುತ್ ನಿಗಮದ ಒಂದು ವರ್ಷದ ಕೆಲಸವೆಲ್ಲ ಆ ಪ್ರಶ್ನೆಯಲ್ಲಿ ಅಡಗಿದೆ.

ಈ ನಿಗಮ 1970ರಲ್ಲಿ ಮೈಸೂರು ವಿದ್ಯುತ್ ನಿಗಮವಾಗಿ ಹುಟ್ಟಿದ ಸರ್ಕಾರಿ ಸಂಸ್ಥೆ. ವಿದ್ಯುತ್ತನ್ನು ಉತ್ಪಾದಿಸುವುದು ಇದರ ಕೆಲಸ. ದೊಡ್ಡ ತಂತಿಗಳಲ್ಲಿ ಸಾಗಿಸುವುದು ಬೇರೆ ನಿಗಮದ್ದು, ಮನೆಗೆ ತಂದು ಬಿಲ್ಲು ಕೊಡುವ ಕಂಪನಿಗಳೂ ಬೇರೆ. ಇದರ ಹಣಕಾಸಿನ ವರ್ಷ ಏಪ್ರಿಲ್ ಒಂದರಂದು ಆರಂಭವಾದರೂ ನಿಜವಾದ ವರ್ಷ ಶುರುವಾಗುವುದು ಜೂನ್ ತಿಂಗಳಲ್ಲಿ, ಮೊದಲ ಮಳೆಯೊಂದಿಗೆ.

ಜೂನ್: ಖಾತೆಗೆ ಜಮಾ

ಶರಾವತಿ ನದಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ನದಿಗೆ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಸಿದ್ಧವಾಯಿತು. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ತುಂಬಿದಾಗ ಬಳಸಬಹುದಾದ ನೀರು ಸುಮಾರು 150 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.

ಈ ನೀರು ಒಮ್ಮೆ ದುಡಿದು ಸುಮ್ಮನಾಗುವುದಿಲ್ಲ. ಅಣೆಕಟ್ಟಿನ ಬುಡದಲ್ಲಿ 55 ಮೆಗಾವ್ಯಾಟ್‌ನ ಒಂದು ವಿದ್ಯುದಾಗಾರ. ಅಲ್ಲಿಂದ ತಲಕಳಲೆ ಎಂಬ ಸಮತೋಲನ ಜಲಾಶಯಕ್ಕೆ, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಘಟ್ಟದ ಕೆಳಗಿರುವ ಶರಾವತಿ ವಿದ್ಯುದಾಗಾರಕ್ಕೆ. ಅಲ್ಲಿ 103.5 ಮೆಗಾವ್ಯಾಟ್‌ನ ಹತ್ತು ಘಟಕಗಳು. ಒಟ್ಟು 1035 ಮೆಗಾವ್ಯಾಟ್. ಹೊರಬಂದ ನೀರು ಗೇರುಸೊಪ್ಪದಲ್ಲಿ ಮತ್ತೊಮ್ಮೆ ದುಡಿದು (240 ಮೆಗಾವ್ಯಾಟ್) ಹೊನ್ನಾವರದ ಬಳಿ ಸಮುದ್ರ ಸೇರುತ್ತದೆ.

ಒಂದು ಯೂನಿಟ್ಟಿಗೆ ಒಂದು ಟ್ಯಾಂಕ್

ವಿದ್ಯಾರ್ಥಿಗಳೇ, ಇಲ್ಲಿ ಪೆನ್ಸಿಲ್ ಕೈಗೆತ್ತಿಕೊಳ್ಳಿ. ಎತ್ತರದಲ್ಲಿರುವ ವಸ್ತುವಿನ ಪ್ರಚ್ಛನ್ನ ಶಕ್ತಿ ಎಂದರೆ ರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳ ಗುಣಲಬ್ಧ. ತಲಕಳಲೆಯಿಂದ ಶರಾವತಿ ವಿದ್ಯುದಾಗಾರದ ಚಕ್ರಗಳವರೆಗೆ ನೀರು ಬೀಳುವ ಎತ್ತರ ಸುಮಾರು 440 ಮೀಟರ್. ಸಾವಿರ ಲೀಟರ್ ನೀರಿನ ರಾಶಿ 1000 ಕಿಲೋಗ್ರಾಂ. ಗುಣಿಸಿದರೆ ಬರುವುದು ಸುಮಾರು 43 ಲಕ್ಷ ಜೂಲ್. ನಮ್ಮ ಬಿಲ್ಲಿನಲ್ಲಿರುವ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಕೊಳವೆ, ಚಕ್ರ, ಜನರೇಟರ್‌ಗಳಲ್ಲಿ ಆಗುವ ನಷ್ಟವನ್ನು ಕಳೆದರೆ ಉಳಿಯುವುದು ಹೆಚ್ಚುಕಡಿಮೆ ಒಂದು ಯೂನಿಟ್.

ಅಂದರೆ ನಮ್ಮ ಮನೆಯ ತಾರಸಿಯ ಮೇಲಿರುವ ಸಾವಿರ ಲೀಟರಿನ ಕಪ್ಪು ಟ್ಯಾಂಕಿನ ಅಷ್ಟೂ ನೀರು ಘಟ್ಟದಿಂದ ಕೆಳಗೆ ಬಿದ್ದರೆ ಒಂದು ಯೂನಿಟ್! ಎರಡು ಸಾವಿರ ವ್ಯಾಟಿನ ಗೀಸರನ್ನು ಅರ್ಧ ಗಂಟೆ ಹಾಕಿದರೆ ಆ ಟ್ಯಾಂಕ್ ಖಾಲಿ. ಅದೇ ಒಂಬತ್ತು ವ್ಯಾಟಿನ ಎಲ್‌ಇಡಿ ದೀಪದಡಿ ದಿನಕ್ಕೆ ನಾಲ್ಕು ಗಂಟೆ ಓದಿದರೆ ಒಂದು ಟ್ಯಾಂಕ್ ನೀರು 27 ರಾತ್ರಿಗಳಿಗೆ ಸಾಕು.

ಮಳೆಗಾಲ: ದುರಸ್ತಿಯ ಸುಗ್ಗಿ

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೊಲದ ಪಂಪ್‌ಸೆಟ್‌ಗಳು ಸುಮ್ಮನಿರುತ್ತವೆ, ಫ್ಯಾನುಗಳೂ ನಿಂತಿರುತ್ತವೆ. ಬೇಡಿಕೆ ಇಳಿಯುತ್ತದೆ. ಚಿತ್ರದುರ್ಗ, ಗದಗ ಕಡೆಯ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ. ಕಲ್ಲಿದ್ದಲಿನ ಘಟಕಗಳನ್ನು ಸರದಿಯಂತೆ ನಿಲ್ಲಿಸಿ ವಾರ್ಷಿಕ ದುರಸ್ತಿ ಮಾಡಲು ಇದೇ ಒಳ್ಳೆಯ ಕಾಲ.

ರಾಯಚೂರಿನ ಶಕ್ತಿನಗರದಲ್ಲಿ ನಿಗಮದ ಎಂಟು ಘಟಕಗಳಿವೆ. ಸಾಮರ್ಥ್ಯ 1720 ಮೆಗಾವ್ಯಾಟ್. ಬಳ್ಳಾರಿ ಬಳಿಯ ಕುಡತಿನಿಯಲ್ಲಿ 1700 ಮೆಗಾವ್ಯಾಟ್. ಒಂದು ಯೂನಿಟ್ಟಿಗೆ ಮುಕ್ಕಾಲು ಕಿಲೋಗೆ ತುಸು ಕಡಿಮೆ ಕಲ್ಲಿದ್ದಲು ಬೇಕೆಂದುಕೊಂಡರೆ, 210 ಮೆಗಾವ್ಯಾಟ್‌ನ ಒಂದೇ ಘಟಕ ದಿನವಿಡೀ ಪೂರ್ತಿ ನಡೆಯಲು ಮೂರೂವರೆ ಸಾವಿರ ಟನ್ ಬೇಕು. ಅಂದರೆ ಹೆಚ್ಚುಕಡಿಮೆ ದಿನಕ್ಕೊಂದು ಗೂಡ್ಸ್ ರೈಲು. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ಎಲ್ಲವೂ ಹೊರಗಿನಿಂದಲೇ ಬರಬೇಕು. ಹಾಗೆಯೇ, ಪೂರ್ತಿ ತಣ್ಣಗಾದ ಬಾಯ್ಲರನ್ನು ಮತ್ತೆ ಕಾಯಿಸಿ ಘಟಕ ನಡೆಸಲು ಹಲವು ಗಂಟೆಗಳೇ ಬೇಕು. ಜಲವಿದ್ಯುತ್ ಹಾಗಲ್ಲ. ನೀರು ಬಿಟ್ಟ ಕೆಲವೇ ನಿಮಿಷಗಳಲ್ಲಿ ಘಟಕ ಸಿದ್ಧ. ಆದ್ದರಿಂದಲೇ ಅದು ಬೆಲೆಬಾಳುವಂಥದ್ದು.

ನವೆಂಬರ್: ಜಿಪುಣನ ಲೆಕ್ಕ

ಮಳೆ ನಿಂತಿತು, ಜಲಾಶಯ ತುಂಬಿದೆ ಎಂದಿಟ್ಟುಕೊಳ್ಳೋಣ. ಶರಾವತಿಯ ಹತ್ತೂ ಘಟಕಗಳನ್ನು ಹಗಲಿರುಳು ಪೂರ್ಣ ಸಾಮರ್ಥ್ಯದಲ್ಲಿ ನಡೆಸಿದರೆ ದಿನಕ್ಕೆ ಸುಮಾರು ಎರಡೂವರೆ ಕೋಟಿ ಯೂನಿಟ್. ಅದಕ್ಕೆ ಬೇಕಾದ ನೀರು ಮುಕ್ಕಾಲು ಟಿ.ಎಂ.ಸಿ.ಗೂ ಹೆಚ್ಚು. ಹಾಗೆ ನಡೆಸಿದರೆ ತುಂಬಿದ ಲಿಂಗನಮಕ್ಕಿ ಸುಮಾರು 170 ದಿನಗಳಲ್ಲಿ ಖಾಲಿ. ಆದರೆ ನವೆಂಬರ್ ಒಂದರಿಂದ ಮೇ ಕೊನೆಯವರೆಗೆ 212 ದಿನಗಳಿವೆ! ಏಪ್ರಿಲ್ ಮಧ್ಯದ ಹೊತ್ತಿಗೆ ಖಜಾನೆ ಬರಿದಾಗುತ್ತದೆ. ಪರೀಕ್ಷೆ, ಸೆಖೆ, ಪಂಪ್‌ಸೆಟ್ ಎಲ್ಲವೂ ಒಟ್ಟಿಗೆ ಬರುವುದು ಆಗಲೇ.

ತಿಂಗಳ ಸಂಬಳ ತರುವ ಮನೆಯ ಯಜಮಾನಿ ಏನು ಮಾಡುತ್ತಾಳೋ ನಿಗಮದ ಎಂಜಿನಿಯರುಗಳೂ ಅದನ್ನೇ ಮಾಡಬೇಕು. ಮೊದಲ ವಾರದಲ್ಲೇ ಡಬ್ಬಿ ಖಾಲಿ ಮಾಡಬಾರದು. ಆ ಹುಡುಗನಿಗೆ ನಾನು ಕೊಟ್ಟ ಉತ್ತರವೂ ಇದೇ: “ನೀರಿದೆಯಪ್ಪ, ಆದರೆ ಅದು ಇವತ್ತಿನದಲ್ಲ, ಮುಂದಿನ ತಿಂಗಳದ್ದು.”

ಈಗ ಹಗಲಿನ ಹೊತ್ತು ಸಹಾಯಕ್ಕೆ ಸೂರ್ಯನಿದ್ದಾನೆ. ಪಾವಗಡದ ಸೌರ ಪಾರ್ಕ್ ಒಂದರ ಸಾಮರ್ಥ್ಯವೇ 2050 ಮೆಗಾವ್ಯಾಟ್. ಆದರೆ ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ವಿದ್ಯುಜ್ಜಾಲದಲ್ಲಿ ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೂ ಸಮವಾಗಿರಬೇಕು. ತಪ್ಪಿದರೆ ಸೆಕೆಂಡಿಗೆ 50 ಆವರ್ತ ಎಂಬ ಲಯ ಕೆಡುತ್ತದೆ. ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಇದನ್ನು ದಿನದ 24 ಗಂಟೆಯೂ ಕಾಯುವವರಿದ್ದಾರೆ. ಸಂಜೆ ಬೇಡಿಕೆ ಏರಿದಾಗ ಅವರು ನೆಚ್ಚುವುದು ಶರಾವತಿ, ಕಾಳಿ, ವಾರಾಹಿ ನದಿಗಳ ನೀರನ್ನೇ.

ಮಾರ್ಚ್: ನಿಜವಾದ ಪರೀಕ್ಷೆ

2025ರ ಮಾರ್ಚ್‌ನಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವ್ಯಾಟ್ ದಾಟಿತ್ತು. ಇಂಥ ದಿನಗಳಲ್ಲಿ ಒಂದು ಘಟಕ ಕೈಕೊಟ್ಟರೂ ಕಷ್ಟ. 2016ರ ಫೆಬ್ರುವರಿಯಲ್ಲಿ ಶರಾವತಿ ವಿದ್ಯುದಾಗಾರದಲ್ಲಿ ಬೆಂಕಿ ಕಾಣಿಸಿಕೊಂಡು ಹತ್ತೂ ಘಟಕಗಳು ನಿಂತಾಗ ಬೇಸಿಗೆಯ ಬಾಗಿಲಲ್ಲೇ ರಾಜ್ಯ ಆತಂಕಕ್ಕೆ ಒಳಗಾಯಿತು. ಆಮೇಲೆ ಒಂದೊಂದಾಗಿ ಘಟಕಗಳನ್ನು ಸರಿಪಡಿಸಿ ನಡೆಸಬೇಕಾಯಿತು.

ಮಳೆಯೇ ಬಾರದಿದ್ದರೆ? 2023ರಲ್ಲಿ ಹಾಗೇ ಆಯಿತು. ಲಿಂಗನಮಕ್ಕಿ ತುಂಬಲಿಲ್ಲ. ಮಳೆಯಿಲ್ಲದ್ದರಿಂದ ರೈತರು ಅಕ್ಟೋಬರಿನಲ್ಲೇ ಪಂಪ್‌ಸೆಟ್ ಹಾಕಿದರು. ಜಮಾ ಕಡಿಮೆಯಾದಾಗಲೇ ಖರ್ಚೂ ಏರಿತು. ಆಗ ರಾಜ್ಯ ಸರ್ಕಾರ ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕೈಗಡದ ರೂಪದಲ್ಲಿ ವಿದ್ಯುತ್ ಪಡೆಯಲು ಒಪ್ಪಂದ ಮಾಡಿಕೊಂಡಿತು. ಮುಂದಿನ ಮಳೆಗಾಲದಲ್ಲಿ ಹಿಂದಿರುಗಿಸಬೇಕು ಎಂಬುದು ಕರಾರು. ನಮಗೆ ಬೇಡಿಕೆ ಕಡಿಮೆಯಿರುವ ಆ ತಿಂಗಳುಗಳಲ್ಲಿ ಪಂಜಾಬಿನ ರೈತರಿಗೆ ಭತ್ತದ ಗದ್ದೆಗೆ ನೀರೆತ್ತಲು ವಿದ್ಯುತ್ ಬೇಕು. ನೆರೆಮನೆಯಿಂದ ಸಕ್ಕರೆ ತಂದು ಸಂಬಳ ಬಂದಾಗ ಹಿಂದಿರುಗಿಸಿದಂತೆ.

ಮೇ: ತಳ ಕಂಡಾಗ

ಮೇ ತಿಂಗಳಲ್ಲಿ ನೀರು ಬಹಳ ಇಳಿದರೆ ಲಿಂಗನಮಕ್ಕಿಯ ಒಡಲಿನಿಂದ ಇನ್ನೊಂದು ಅಣೆಕಟ್ಟು ಮೇಲೆದ್ದು ಬರುತ್ತದೆ. ಅದು ಹಿರೇಭಾಸ್ಕರ. 1948ರಲ್ಲಿ ಆರಂಭವಾದ ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಲು ಕಟ್ಟಿದ್ದು. ದೊಡ್ಡ ಅಣೆಕಟ್ಟು ಬಂದಾಗ ಇದೂ ಮುಳುಗಿತು. ಅದರೊಂದಿಗೆ ಗದ್ದೆ, ಅಡಿಕೆ ತೋಟ, ಮನೆ, ದೇವಸ್ಥಾನಗಳೂ ಮುಳುಗಿದವು. ಸಾವಿರಾರು ಕುಟುಂಬಗಳು ಊರು ಬಿಟ್ಟವು. ಅವರಿಗೆ ಕೊಟ್ಟ ಜಮೀನಿನ ಹಕ್ಕಿನ ವಿಚಾರ ದಶಕಗಳ ಕಾಲ ಎಳೆದಾಡಿತು. ನಾಡಿಗೆ ಬೆಳಕು ಕೊಟ್ಟ ಹಿನ್ನೀರಿನ ಎಷ್ಟೋ ಹಳ್ಳಿಗಳಿಗೆ ಆ ಬೆಳಕು ತಲುಪಿದ್ದು ಬಹಳ ತಡವಾಗಿ. ಲಾಂಚ್ ನೆಚ್ಚಿಕೊಂಡು ಬದುಕಿದ ಸಿಗಂದೂರು, ತುಮರಿ ಭಾಗದ ಜನರಿಗೆ ಸೇತುವೆ ಬಂದದ್ದು 2025ರ ಜುಲೈನಲ್ಲಿ.

ಈಗ ಇದೇ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಇನ್ನೊಂದು ಯೋಜನೆಯನ್ನು ನಿಗಮ ಮುಂದಿಟ್ಟಿದೆ. ವಿದ್ಯುತ್ ಹೆಚ್ಚಿರುವಾಗ ಗೇರುಸೊಪ್ಪದ ನೀರನ್ನು ಮತ್ತೆ ತಲಕಳಲೆಗೆ ಎತ್ತಿಟ್ಟು, ಬೇಕಾದಾಗ ಬಿಡುವ ಯೋಜನೆ. ಸಂಜೆಯ ಸಮಸ್ಯೆಗೆ ಇದು ಜಾಣ ಉಪಾಯವೇ. ಆದರೆ ಸುತ್ತ ಇರುವುದು ಸಿಂಗಳೀಕಗಳು ಬದುಕುವ ಕಾಡು. ಹಾಗಾಗಿ ವಿರೋಧವೂ ಬಲವಾಗಿದೆ. ಒಂದು ಯೂನಿಟ್ಟಿನ ಬೆಲೆಯೆಲ್ಲ ಬಿಲ್ಲಿನಲ್ಲಿ ಅಚ್ಚಾಗುವುದಿಲ್ಲ ಎಂಬುದನ್ನು ಮಕ್ಕಳು ಈಗಲೇ ತಿಳಿಯುವುದು ಒಳ್ಳೆಯದು.

ಪೋಷಕರಲ್ಲಿ ನನ್ನದೊಂದು ಸಣ್ಣ ಕೋರಿಕೆ. ಈ ಸಲ ಜೂನ್ ಒಂದರಿಂದ ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ವಾರಕ್ಕೊಮ್ಮೆ ಪತ್ರಿಕೆ ನೋಡಿ ಲಿಂಗನಮಕ್ಕಿಯ ಮಟ್ಟವನ್ನೂ ಪಕ್ಕದಲ್ಲಿ ಮನೆಯ ಮೀಟರಿನ ಅಂಕಿಯನ್ನೂ ಮಕ್ಕಳ ಕೈಯಲ್ಲಿ ಬರೆಸಿ. ಮುಂದಿನ ಮೇ ಹೊತ್ತಿಗೆ ಅವರ ಮುಂದೆ ಎರಡು ಗೆರೆಗಳ ನಕ್ಷೆಯಿರುತ್ತದೆ. ಆಮೇಲೆ ಗೀಸರಿನ ಸ್ವಿಚ್ ಆರಿಸು ಎಂದು ಯಾರೂ ಹೇಳಬೇಕಾಗಲಾರದು. ತಾರಸಿಯ ಟ್ಯಾಂಕನ್ನು ನೆನೆದು ಅವರೇ ಎದ್ದು ಆರಿಸಿಯಾರು.