ಮಂಡಿನೋವಿಗೆ ಮೊಬೈಲಿನಲ್ಲಿ ಬರುವ ವ್ಯಾಯಾಮ

ಮಂಡಿನೋವು ಶುರುವಾದವರು ಮೊದಲು ಕಡಿಮೆ ಮಾಡುವುದು ಓಡಾಟವನ್ನು. ಮೆಟ್ಟಿಲು ಹತ್ತಬೇಡಿ, ಸಂತೆಗೆ ನಾವೇ ಹೋಗಿ ಬರುತ್ತೇವೆ ಎಂದು ಮನೆಯವರೂ ಕಾಳಜಿಯಿಂದ ಹೇಳುತ್ತಾರೆ. ನಡೆದಷ್ಟೂ ಮಂಡಿ ಸವೆಯುತ್ತದೆ ಎಂಬ ಭಯ ಎಲ್ಲರಿಗೂ. ಆದರೆ ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ಅದಕ್ಕೆ ಪೋಷಣೆ ಬರಬೇಕಾದದ್ದು ಮುಖ್ಯವಾಗಿ ಕೀಲಿನೊಳಗಿನ ದ್ರವದಿಂದ. ಕಾಲು ಮಡಿಸಿ ಬಿಡಿಸಿ, ಭಾರ ಹಾಕಿ ತೆಗೆಯುತ್ತಿದ್ದರೆ ಆ ದ್ರವ ಚೆನ್ನಾಗಿ ಒಳಹೊರಗೆ ಆಡುತ್ತದೆ. ಕೂತೇ ಇದ್ದವರಿಗೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಆಗ ಏಳುವಾಗ, ಇಳಿಯುವಾಗ ಮಂಡಿಗೆ ಆಸರೆ ಕಡಿಮೆ, ನೋವು ಹೆಚ್ಚು, ಓಡಾಟ ಮತ್ತಷ್ಟು ಕಡಿಮೆ.

ಇಂಥ ಮಂಡಿನೋವಿಗೆ ಸಾಮಾನ್ಯ ಕಾರಣವಾದ ಆಸ್ಟಿಯೋಆರ್ಥ್ರೈಟಿಸ್ ಎಂಬ ಸಂಧಿವಾತ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಇತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಜನರ ಎದುರು ನಿಂತು ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಸ್ಟರನ್ನು ಎಲ್ಲಿಂದ ತರುವುದು?

ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೊಂದು ದಾರಿ ಹುಡುಕಿದರು. ‘ಮೈ ನೀ ಎಕ್ಸರ್ಸೈಜ್’ ಎಂಬ ಜಾಲತಾಣ ಕಟ್ಟಿ, ಮಂಡಿಯ ಸಂಧಿವಾತ ಇರುವ 206 ಜನರನ್ನು ಎರಡು ಗುಂಪು ಮಾಡಿದರು. ಕಾಯಿಲೆಯ ಬಗ್ಗೆ ತಿಳಿವಳಿಕೆಯ ಪುಟಗಳು ಎರಡೂ ಗುಂಪಿಗೆ ಸಿಕ್ಕವು. ಒಂದು ಗುಂಪಿಗೆ ಮಾತ್ರ ಅದರ ಜೊತೆಗೆ ವಾರಕ್ಕೆ ಮೂರು ಸಲ ಮನೆಯಲ್ಲೇ ಮಾಡುವ ಸ್ನಾಯು ಬಲಪಡಿಸುವ ವ್ಯಾಯಾಮ, ಓಡಾಟ ಹೆಚ್ಚಿಸಿಕೊಳ್ಳಲು ಸಲಹೆ, ಮೊಬೈಲಿಗೆ ಸಂದೇಶಗಳು. 24 ವಾರಗಳ ಬಳಿಕ, ಈ ಗುಂಪಿನಲ್ಲಿ ನೂರಕ್ಕೆ ಸುಮಾರು 72 ಜನರಿಗೆ ನೋವು ಗಮನಾರ್ಹವಾಗಿ ಇಳಿದಿತ್ತು. ಬರೀ ಓದಿದವರಲ್ಲಿ 42 ಜನರಿಗೆ. 2021ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ವ್ಯಾಯಾಮ ಹೇಳಿಕೊಡಲು ಫಿಸಿಯೋಥೆರಪಿಸ್ಟರು ಯಾರ ಮನೆಗೂ ಹೋಗಲಿಲ್ಲ.

ಆ ಸಂದೇಶಗಳನ್ನು ಸ್ವಲ್ಪ ನಿಂತು ನೋಡಬೇಕು. ಈ ವಾರ ಎಷ್ಟು ದಿನ ವ್ಯಾಯಾಮ ಮಾಡಿದಿರಿ ಎಂದು ಫೋನು ಕೇಳುತ್ತದೆ. ಮೂರು ಎಂದರೆ ಒಂದು ಶಹಬ್ಬಾಸ್. ಕಡಿಮೆ ಎಂದರೆ ಮರುಪ್ರಶ್ನೆ: ಏನು ಅಡ್ಡಿಯಾಯಿತು? ಮರೆತಿರಾ, ಸುಸ್ತಾಗಿತ್ತೇ, ನೋವು ಜಾಸ್ತಿಯಾಯಿತೇ? ಕೊಟ್ಟ ಕಾರಣಕ್ಕೆ ತಕ್ಕ ಸಲಹೆ ಮರಳಿ ಬರುತ್ತದೆ. ಇಡೀ ವ್ಯವಸ್ಥೆ ಯಂತ್ರದ್ದು, ಆದರೂ ಕೆಲಸ ಮಾಡುತ್ತದೆ. ನನ್ನ ದೃಷ್ಟಿಯಲ್ಲಿ ಕಾರ್ಯಕ್ರಮದ ಜೀವ ಇರುವುದು ಇಲ್ಲೇ. ವ್ಯಾಯಾಮದ ವಿಡಿಯೊಗಳಿಗೆ ಇಂದು ಬರವಿಲ್ಲ. ಮೂರನೇ ವಾರದಲ್ಲಿ ಕೈಬಿಟ್ಟವರನ್ನು ಯಾಕೆ ಬಿಟ್ಟಿರಿ ಎಂದು ವಿಚಾರಿಸುವವರು ಕಡಿಮೆ.

ವ್ಯಾಯಾಮಗಳೋ, ಬಹಳ ಸರಳ. ಕುರ್ಚಿಯಿಂದ ಏಳುವುದನ್ನೇ ತೆಗೆದುಕೊಳ್ಳಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಕೈಕಟ್ಟಿ ಕೂತು, ಮುಂದೆ ಬಾಗಿ ಎದ್ದು ನಿಲ್ಲಬೇಕು. ಮಂಡಿಗಳು ಒಂದನ್ನೊಂದು ಮುಟ್ಟುವಂತೆ ಒಳಕ್ಕೆ ವಾಲಬಾರದು. ಕೂರುವಾಗ ಧಪ್ಪನೆ ಬೀಳದೆ ನಿಧಾನವಾಗಿ ಇಳಿಯಬೇಕು. ತೊಡೆಯ ಸ್ನಾಯುವಿಗೆ ಈ ಇಳಿತವೂ ಒಳ್ಳೆಯ ಕೆಲಸ. ಕಷ್ಟವಾದರೆ ಕುರ್ಚಿಯ ಮೇಲೊಂದು ದಿಂಬು, ಸಲೀಸಾದರೆ ಇನ್ನೂ ತಗ್ಗಿನ ಕುರ್ಚಿ.

ಮಾಡುವಾಗ ನೋವಾದರೆ? ಬಹುಪಾಲು ಜನ ಬಿಟ್ಟುಬಿಡುವುದು ಈ ಗಳಿಗೆಯಲ್ಲಿ. ಸ್ವಲ್ಪ ನೋವು ಬಂದರೆ ಕೀಲು ಹಾಳಾಗುತ್ತಿದೆ ಎಂದರ್ಥವಲ್ಲ. ಸಹಿಸಬಹುದಾದ ನೋವು, ಮರುದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಬಹುದು. ಇಳಿಯದಿದ್ದರೆ ಮುಂದಿನ ಸಲ ಎಣಿಕೆ ಕಡಿಮೆ ಮಾಡಬೇಕು, ನಿಲ್ಲಿಸಬೇಕಿಲ್ಲ. ಆದರೆ ಕೀಲು ಕೆಂಪಾಗಿ ಬಿಸಿಯೇರಿ ಊದಿಕೊಂಡರೆ, ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೆ ಫೋನು ಬದಿಗಿಟ್ಟು ವೈದ್ಯರ ಹತ್ತಿರ ಹೋಗಬೇಕು. ರುಮಟಾಯ್ಡ್ ಎಂಬ ಬೇರೆ ಬಗೆಯ ಸಂಧಿವಾತ ಇರುವವರಿಗೂ ವ್ಯಾಯಾಮ ಬೇಕು. ಔಷಧ ಬಿಟ್ಟು ಅದನ್ನೊಂದೇ ನಂಬುವಂತಿಲ್ಲ.

ಯಂತ್ರದ ಸಂದೇಶ ಸಾಲದು, ಮನುಷ್ಯರೇ ಬೇಕು ಎನ್ನುವವರಿಗೆ ವಿಡಿಯೊ ಕರೆಯಿದೆ. ಅದೇ ಮೆಲ್ಬರ್ನ್ ತಂಡ 394 ಜನರ ಮೇಲೆ ನಡೆಸಿ 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳಲ್ಲಿ ಐದು ಸಲ ವಿಡಿಯೊದಲ್ಲಿ ಫಿಸಿಯೋಥೆರಪಿಸ್ಟರನ್ನು ಕಂಡವರಿಗೂ ಕ್ಲಿನಿಕ್ಕಿಗೆ ಹೋಗಿ ಕಂಡವರಿಗೂ ಸಿಕ್ಕ ಗುಣ ಹೆಚ್ಚುಕಡಿಮೆ ಒಂದೇ. ಊರಿಂದ ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾದ ಅಜ್ಜಿಗೆ ಇದೆಷ್ಟು ದೊಡ್ಡ ಸಮಾಧಾನ!

ನಮ್ಮಲ್ಲಿ ಅಂಥ ಕರೆ ಮಾಡುವವರು ಮೊದಲ ದಿನವೇ ಒಂದು ವಿಷಯ ಹೇಳಿಬಿಡುವುದು ಒಳ್ಳೆಯದು. ಪರದೇಶದ ಕಾರ್ಯಕ್ರಮಗಳು ಕುರ್ಚಿಯ ಬದುಕನ್ನು ಲೆಕ್ಕಕ್ಕೆ ಹಿಡಿದು ರೂಪುಗೊಂಡಿವೆ. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು, ಕುಕ್ಕರಗಾಲಿನ ಶೌಚಾಲಯ, ಗದ್ದೆಯಲ್ಲಿ ಬಾಗಿ ನಾಟಿ ಮಾಡುವುದು ಇವುಗಳಲ್ಲಿ ನಿಮಗೆ ಯಾವುದು ಬಿಡಲಾಗದ್ದು, ಎಲ್ಲಿ ನೋಯುತ್ತದೆ ಎಂಬುದನ್ನು ಕ್ಯಾಮೆರಾ ಮುಂದೆ ಮಾಡಿಯೇ ತೋರಿಸಿ. ನೆಲದಿಂದ ಏಳುವುದನ್ನು ಹಂತಹಂತವಾಗಿ ಅಭ್ಯಾಸ ಮಾಡಿಸಿ ಎಂದು ಕೇಳಿ.