ದೋಷಸೂಚನೆಯ ಕಾಲೌಚಿತ್ಯ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಪಹಣಿಗಳು, ನಾಡಿನ ಇತರೆಡೆಗಳಂತೆಯೇ, ‘ಭೂಮಿ’ ಯೋಜನೆಯಿಂದ 2000ರ ದಶಕದ ಆರಂಭದಲ್ಲಿ ಗಣಕಯಂತ್ರವನ್ನು ಸೇರಿದವು. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ-ಗುಂಟೆಗಳಲ್ಲಿ ಬರೆಯುವುದು ರೂಢಿ. 40 ಗುಂಟೆಗೆ 1 ಎಕರೆ. ಆದುದರಿಂದ ಗುಂಟೆಯ ಅಂಕಣದಲ್ಲಿ 45 ಎಂದು ಬರೆಯುವುದು ದೋಷವೇ ಸರಿ.

ಆದರೆ ಇಂಥ ನಮೂದಿಗೆ ರಚಿತವಾದ ತಂತ್ರಾಂಶವೊಂದು, ಆ ಅಂಕಣವನ್ನು ಬಿಡುವ ಕ್ಷಣದಲ್ಲಿಯೇ ಎಚ್ಚರಿಕೆಯ ಸಂದೇಶವನ್ನು ಅಡ್ಡವಿಟ್ಟು, ತಿದ್ದುವವರೆಗೆ ಬೇರೆಡೆಗೆ ಹೋಗಗೊಡದಿದ್ದರೆ ಪರಿಣಾಮವೇನೆಂಬುದು ವಿಚಾರಣೀಯ. ಸರಿಯಾದ ರೂಪ 1 ಎಕರೆ 5 ಗುಂಟೆ. ಅದಕ್ಕಾಗಿ ಎಕರೆಯ ಅಂಕಣಕ್ಕೆ ಮರಳಹೊರಟಾಗಲೆಲ್ಲ ಸಂದೇಶವೇ ಎದುರಾಗುವುದು. ಬೇಸತ್ತ ಗುಮಾಸ್ತನು ಗುಂಟೆಯನ್ನು 5 ಎಂದು ತಿದ್ದಿ ಎಕರೆಯನ್ನು ಮರೆತರೆ ಯಂತ್ರವು ತೃಪ್ತವಾಗುವುದು. ರೈತನ 1 ಎಕರೆ ದಾಖಲೆಯಿಂದ ಅಳಿಯುವುದು.

ಆದಕಾರಣ ದೋಷವನ್ನು ಅಂಕಣದ ಪಕ್ಕದಲ್ಲಿ ಸೂಚಿಸಿ, ತಡೆಯನ್ನು ದಾಖಲೆ ಉಳಿಸುವ ಘಟ್ಟಕ್ಕೆ ಮೀಸಲಿಡುವುದೇ ಯುಕ್ತ.