ಕುಪ್ಪಿಯಲ್ಲಿ ಚಿಗುರುವ ಶ್ರೀಗಂಧ

ಶ್ರೀಗಂಧದ ಬೆಲೆಯೆಲ್ಲ ಅದರ ಚೇಗಿನಲ್ಲಿದೆ. ಕಾಂಡದ ನಡುಭಾಗದಲ್ಲಿ ನಿಧಾನವಾಗಿ ಬಲಿಯುವ ಕಂದುಬಣ್ಣದ ಈ ಗಟ್ಟಿ ಭಾಗದಲ್ಲಿಯೇ ಪರಿಮಳದ ಎಣ್ಣೆ ಕೂಡಿಕೊಳ್ಳುತ್ತದೆ. ಈ ಮರ ಬಹುಮಟ್ಟಿಗೆ ಬೇರೆ ಮರಗಳ ಪರಾಗದಿಂದ ಕಾಯಿ ಕಟ್ಟುವುದರಿಂದ ಒಂದೇ ಮರದ ಬೀಜದಿಂದ ಹುಟ್ಟಿದ ಸಸಿಗಳೂ ಒಂದೇ ತೆರನಾಗಿ ಬೆಳೆಯುವುದಿಲ್ಲ. ಆರಿಸಿದ ತಾಯಿಮರದ ಗುಣವನ್ನು ಸಸಿಗೆ ಇಳಿಸಲು ವಿಜ್ಞಾನಿಗಳು ಕಂಡುಕೊಂಡ ದಾರಿಯೇ ಅಂಗಾಂಶ ಕೃಷಿ, ಅಂದರೆ ರೈತರು ಟಿಶ್ಯೂ ಕಲ್ಚರ್ ಎಂದು ಕರೆಯುವ ವಿಧಾನ.

ಎಳೆಯ ಕುಡಿಯ ಗೆಣ್ಣಿನ ತುಣುಕನ್ನು ತೊಳೆದು, ಸೋಂಕು ಕಳೆದು, ಸಕ್ಕರೆ, ಲವಣ, ಜೀವಸತ್ವಗಳನ್ನು ಬೆರೆಸಿ ಅಗರ್‌ನಿಂದ ಗಟ್ಟಿಗೊಳಿಸಿದ ಪೋಷಕ ಮಾಧ್ಯಮದ ಮೇಲೆ ಗಾಜಿನ ಕುಪ್ಪಿಯಲ್ಲಿ ಇಡಲಾಗುತ್ತದೆ. ಬೆಳವಣಿಗೆಯ ಹಾರ್ಮೋನುಗಳ ಪ್ರಮಾಣಕ್ಕೆ ತಕ್ಕಂತೆ ಆ ತುಣುಕಿನಿಂದ ನೇರವಾಗಿ ಚಿಗುರು ಒಡೆಯಬಹುದು, ಇಲ್ಲವೆ ಕ್ಯಾಲಸ್ ಎಂಬ ಆಕಾರವಿಲ್ಲದ ಜೀವಕೋಶಗಳ ಮುದ್ದೆ ಮೂಡಿ, ಅದರಿಂದ ಬೀಜವಿಲ್ಲದೆಯೇ ಭ್ರೂಣಗಳು ರೂಪುಗೊಳ್ಳಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಲಕ್ಷ್ಮೀಸೀತಾ ಮತ್ತು ಸಂಗಡಿಗರು ಕಾಂಡದ ಕ್ಯಾಲಸ್‌ನಿಂದ ಶ್ರೀಗಂಧದ ಭ್ರೂಣಗಳನ್ನೂ ಪುಟ್ಟ ಸಸಿಗಳನ್ನೂ ಪಡೆದು 1979ರಲ್ಲಿ ಪ್ರಕಟಿಸಿದರು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿ.ಎ. ಬಾಪಟ್ ಮತ್ತು ಪಿ.ಎಸ್. ರಾವ್ 1988ರಲ್ಲಿ ಕೃತಕ ಬೀಜದ ಪ್ರಯೋಗವನ್ನು ವರದಿ ಮಾಡಿದರು. ಇಂಥ ಬೀಜಕ್ಕಾಗಿ, ಕಡಲಪಾಚಿಯಿಂದ ದೊರೆಯುವ ಆಲ್ಜಿನೇಟ್ ದ್ರಾವಣದಲ್ಲಿ ಭ್ರೂಣವನ್ನು ಸೇರಿಸಿ ಕ್ಯಾಲ್ಸಿಯಂ ಲವಣದ ನೀರಿಗೆ ಹನಿಹನಿಯಾಗಿ ಬಿಟ್ಟರೆ, ಪ್ರತಿ ಹನಿಯೂ ಭ್ರೂಣವನ್ನು ಒಳಗಿಟ್ಟುಕೊಂಡ ಮೆತ್ತನೆಯ ಮಣಿಯಾಗುತ್ತದೆ.

ಕಷ್ಟವಿರುವುದು ಚಿಗುರು ಬಂದ ಮೇಲೆ. ಚಿಗುರಿಗೆ ಬೇರು ಬರಿಸುವುದು ಸುಲಭವಲ್ಲ. ಬೇರು ಬಂದ ಸಸಿಯನ್ನೂ ತೇವ ತುಂಬಿದ ನೆರಳಿನಿಂದ ಬಿಸಿಲಿಗೆ ಹಂತಹಂತವಾಗಿ ಒಗ್ಗಿಸಬೇಕು. ಶ್ರೀಗಂಧ ಅರೆಪರಾವಲಂಬಿಯಾದುದರಿಂದ, ತನ್ನ ಎಲೆಗಳಲ್ಲಿ ಆಹಾರ ತಯಾರಿಸಿಕೊಂಡರೂ ನೆರೆಯ ಗಿಡದ ಬೇರಿಗೆ ತನ್ನ ಬೇರಿನ ಹೀರುಕಗಳನ್ನು ಚುಚ್ಚಿ ನೀರು, ಲವಣಗಳನ್ನು ಪಡೆಯುತ್ತದೆ. ಆದ್ದರಿಂದ ಪ್ರಯೋಗಾಲಯದ ಸಸಿಗೂ ಮೊದಲು ತೊಗರಿಯಂಥ, ಮುಂದೆ ಹೊಂಗೆಯಂಥ ಆಸರೆಗಿಡ ಬೇಕೇಬೇಕು.

ಕಾಗಲ, ಗಡಹಿಂಗ್ಲಜ ಕಡೆಯ ಕಬ್ಬಿನ ರೈತರಲ್ಲಿ ಶ್ರೀಗಂಧ ಹಚ್ಚುವ ಮನಸ್ಸಿರುವವರು ಎರಡು ಸಂಗತಿಗಳನ್ನು ಗಮನದಲ್ಲಿಡುವುದು ಒಳಿತು. ಮೊದಲನೆಯದಾಗಿ, ನೀರು ನಿಲ್ಲುವ ಹೊಲ ಈ ಮರಕ್ಕೆ ಆಗದು. ಎರಡನೆಯದಾಗಿ, ಟಿಶ್ಯೂ ಕಲ್ಚರ್ ಬಾಳೆಯ ಸಸಿ ಕೆಟ್ಟದ್ದಾದರೆ ಸುಮಾರು ಒಂದು ವರ್ಷದಲ್ಲಿ ಗೊತ್ತಾಗುತ್ತದೆ. ಆದರೆ ಶ್ರೀಗಂಧದ ಚೇಗಿನ ಗುಣ ತಿಳಿಯಲು ಹತ್ತು ಹದಿನೈದು ವರ್ಷವಾದರೂ ಬೇಕು. ಆದ್ದರಿಂದ ಸಸಿಯ ಎತ್ತರ ನೋಡಿ ಹಣ ಕೊಡುವ ಮೊದಲು, ಅದರ ತಾಯಿಮರ ಯಾವುದು, ಅದರ ಚೇಗು ಮತ್ತು ಎಣ್ಣೆಯ ಪರೀಕ್ಷೆಯ ದಾಖಲೆ ಎಲ್ಲಿದೆ ಎಂದು ಮಾರುವವರನ್ನು ತಪ್ಪದೆ ಕೇಳಬೇಕು.